ತಂಪಿನ ಕಂಬ ಯಾರ ಬೀದಿಗೆ?

ಇಸ್ತ್ರಿಯವನ ಸಂಸಾರಕ್ಕೆ ಬೆಂಕಿ ಬಿದ್ದದ್ದು ಒಂದು ಹನಿ ನೀರಿನಿಂದ. ಕೇಳಿದರೆ ನಗು ಬರುತ್ತದೆ, ಆದರೆ ನಡೆದದ್ದು ಹಾಗೆಯೇ.

ವರ್ಷಗಳ ಹಿಂದಿನ ಮಾತು. ಮದುಮಗನೊಬ್ಬ ಬಿಳಿ ಅಂಗಿ ಕೊಟ್ಟು, "ನೊಣ ಕೂತರೆ ಜಾರಿ ಬೀಳ್ಬೇಕು, ಹಾಗೆ ತಿಕ್ಕಿಕೊಡಿ" ಎಂದಿದ್ದ. ಇಸ್ತ್ರಿಯವನು ಹಾಗೆಯೇ ತಿಕ್ಕಿ, ಅಂಗಡಿಯ ಬಾಗಿಲಿಗೆ ನೇತುಹಾಕಿ, ಹಿಂದೆ ಸರಿದು ಕಣ್ತುಂಬ ನೋಡುತ್ತ ನಿಂತಿದ್ದ. ಮೇಲಿನ ಹಗ್ಗದಲ್ಲಿ ಒಣಗುತ್ತಿದ್ದ ಆಸ್ಪತ್ರೆಯ ನೀಲಿ ಚಾದರದಿಂದ ಒಂದು ಹನಿ ಇಳಿದು ಅಂಗಿಯ ಎದೆಯ ಮೇಲೆ, ಸರಿಯಾಗಿ ಗುಂಡಿಗೆಯ ಜಾಗದಲ್ಲಿ ಕೂತಿತು. ನೀಲಿ ಕಲೆ ಹೋಗಲಿಲ್ಲ. ಮದುಮಗ ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಅವತ್ತಿನಿಂದ ಇಸ್ತ್ರಿಯವನ ಕಾನೂನು ಒಂದೇ: ಅವನ ಅಂಗಡಿಯ ಮೇಲಾಗಲಿ ಆಸುಪಾಸಿನಲ್ಲಾಗಲಿ ಒದ್ದೆ ಬಟ್ಟೆ ಸುಳಿಯಕೂಡದು.

ಬೀದಿ ನೋಡಿದರೆ ಒಗೆಯುವವರದು. ಹೋಟೆಲುಗಳ ಹಾಸುಬಟ್ಟೆ, ಆಸ್ಪತ್ರೆಗಳ ಪರದೆ, ಛತ್ರಗಳ ಟವೆಲು ಎಲ್ಲವೂ ಬೆಳಕು ಹರಿಯುವ ಮೊದಲೇ ಇಲ್ಲಿಗೆ ಬಂದು, ಸೋಪಿನ ನೀರಿನಲ್ಲಿ ಹೊರಳಿ, ಬಿಸಿಲೇರುವ ಹೊತ್ತಿಗೆ ಬೀದಿಯ ನೆತ್ತಿಯ ಮೇಲೆ ಏರುತ್ತಿದ್ದವು. ಈ ಮಹಡಿಯಿಂದ ಎದುರಿನ ಮಹಡಿಗೆ ರಾಟೆ ಹಾಕಿ ಕಟ್ಟಿದ ಹಗ್ಗಗಳು, ಹಗ್ಗದ ತುಂಬ ಚಾದರಗಳು. ಸಂಜೆಯವರೆಗೂ ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬಿಳಿಯ ಚಾವಣಿ. ಕೊನೆಯ ಮನೆ ಇಸ್ತ್ರಿಯವನದು. ಅಲ್ಲಿಗೆ ಬರುವ ಮೊದಲೇ ಚಾವಣಿ ನಿಲ್ಲುತ್ತಿತ್ತು.

ಅವನದು ತಗಡಿನ ಮಾಡು. ಮುಂದೆ ಅಂಗಡಿ, ಹಿಂದೆ ಒಂದು ಕೋಣೆ. ಕೆಂಡ ತುಂಬಿದ ಹಿತ್ತಾಳೆಯ ಇಸ್ತ್ರಿಪೆಟ್ಟಿಗೆ ಕೆಳಗಿನಿಂದ ಕಾಯಿಸಿದರೆ ತಗಡು ಮೇಲಿನಿಂದ ಕಾಯಿಸುತ್ತಿತ್ತು. ಬಿಸಿಲೇರಿದಂತೆ ತಗಡು ಹಿಗ್ಗಿ 'ಟಕ್' ಎನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು 'ಟಕ್'. ಪ್ರತಿ ಸದ್ದಿಗೂ ಒಳಗೆ ಮಲಗಿದ್ದ ಪುಟ್ಟ ಮಗಳು ಬೆಚ್ಚಿ ಎದ್ದು ರಾಗ ತೆಗೆಯುತ್ತಿದ್ದಳು. ಕೂಸಿನ ಬೆನ್ನ ತುಂಬ ಬೆವರುಸಾಲೆ.

"ಹಗ್ಗದಜ್ಜಿಗೆ ಹೇಳಿ ನಮ್ಮ ತಗಡಿನ ಮೇಲೂ ಒಂದೆರಡು ಚಾದರ ಎಳಸ್ರೀ" ಎಂದು ಹೆಂಡತಿ ಹೇಳಿ ಹೇಳಿ ಸೋತಿದ್ದಳು.

"ಒದ್ದೆ ಬಟ್ಟೆನಾ? ನನ್ನ ಅಂಗಡಿ ಮೇಲಾ? ನಾನು ಸತ್ತ ಮೇಲೆ ಹಾಕ್ಸು."

"ಅಲ್ಲಿವರೆಗೂ ಕೂಸು ತಡೆಯಲ್ಲ" ಎಂದು ಅವಳು ಒಂದು ದಿನ ಬ್ಯಾಗು ತುಂಬಿ, ಮಗಳನ್ನು ಸೊಂಟಕ್ಕೆ ಏರಿಸಿ, ಪಕ್ಕದ ಬೀದಿಯ ಅಕ್ಕನ ಮನೆಗೆ ನಡೆದಿದ್ದಳು. ಹೊಸಿಲು ದಾಟುವಾಗ ಹೇಳಿದ್ದು ಒಂದೇ ಮಾತು: "ಮನೆ ತಂಪಾದ ದಿನ ಹೇಳಿ ಕಳಿಸಿ."

ಅಕ್ಕನ ಗಂಡ, ಅಂದರೆ ಇಸ್ತ್ರಿಯವನ ಷಡ್ಡಕನದು ಗಾಜಿನಂಗಡಿ. ಅಂಗಡಿಯ ಮೇಲೆ ಮನೆ, ಮನೆಯಲ್ಲಿ ತಣ್ಣಗಿನ ಗಾಳಿ ಉಗುಳುವ ಮೆಷಿನ್ನು. ಅದರ ಬಿಸಿಯುಸಿರೆಲ್ಲ ಹಿಂಬದಿಯಿಂದ ಬೀದಿಗೆ ಬೀಳುತ್ತಿತ್ತು ಎನ್ನುವುದು ಬೇರೆ ವಿಷಯ. ಒಳಗಿದ್ದವರಿಗೆ ಅದು ಕಾಣುವಂಥದ್ದಲ್ಲ. ಹೆಂಡತಿ ಹೋಗಿಹೋಗಿ ಷಡ್ಡಕನ ಮೆಷಿನ್ನಿನ ಕೆಳಗೆ ಕೂತಳಲ್ಲಾ ಎನ್ನುವುದು ಇಸ್ತ್ರಿಯವನಿಗೆ ಕೆಂಡಕ್ಕಿಂತ ಹೆಚ್ಚು ಸುಡುತ್ತಿತ್ತು.

ಇಂಥ ಸ್ಥಿತಿಯಲ್ಲಿ ಮರುದಿನ ಬೆಳಿಗ್ಗೆ ಕಂಪನಿಯ ವ್ಯಾನು ಬಂತು. ಧ್ವನಿವರ್ಧಕದಲ್ಲಿ ಹೆಣ್ಣಿನ ಮಧುರ ಧ್ವನಿ: "ಭೂಮಿ ಬಿಸಿಯಾಗುತ್ತಿದೆ! ಹೆದರಬೇಡಿ, ನಾವಿದ್ದೇವೆ! ಇಂದು ಮಧ್ಯಾಹ್ನ ಬೀದಿಬೀದಿಯ ಶಾಖ ಅಳೆದು, ಆಯ್ದ ಒಂದು ಬೀದಿಗೆ ನಮ್ಮ ತಂಪಿನ ಕಂಬ ಉಚಿತ!" ವ್ಯಾನಿನ ಹಿಂದೆ ಲಾರಿಯಲ್ಲಿ ಕಂಬ ಮಲಗಿತ್ತು. ಥಳಥಳ ಹೊಳೆಯುವ ಉಕ್ಕು, ತುದಿಯಲ್ಲಿ ರೆಕ್ಕೆಗಳು, ರೆಕ್ಕೆಯ ಅಂಚಿನಲ್ಲಿ ಮಂಜು ಚಿಮ್ಮಿಸುವ ಸೂಜಿಬಾಯಿಗಳು.

ಎದುರುಸಾಲಿನ ಕ್ಷೌರಿಕ ಗಿರಾಕಿಯೊಬ್ಬನ ಗಡ್ಡ ಅರ್ಧಕ್ಕೇ ಬಿಟ್ಟು ಹೊರಗೆ ಬಂದ. ಊರಿನ ಸುದ್ದಿಗೆಲ್ಲ ಕೊನೆಯ ಮಾತು ಅವನದೇ.

"ಯಾವ ಬೀದಿಗೆ ಕೊಡ್ತಾರಂತೆ?" ಇಸ್ತ್ರಿಯವನು ಕೇಳಿದ.

"ಕೇಳೋದೇನು? ಎಲ್ಲಕ್ಕಿಂತ ಬಿಸಿ ಇರೋ ಬೀದಿಗೆ. ಪೆಟ್ಟು ಬಿದ್ದ ಕಡೆ ತಾನೆ ಮುಲಾಮು ಹಚ್ಚೋದು?"

ಇದಕ್ಕಿಂತ ನ್ಯಾಯವಾದ ಮಾತು ಇದೆಯೇ? ಇಸ್ತ್ರಿಯವನ ಕಣ್ಣು ಹೊಳೆಯಿತು. ಕಂಬ ತನ್ನ ಬಾಗಿಲಿಗೆ ಬಂದರೆ ಒಂದು ಹನಿ ಬೀಳದೆ ಮನೆ ತಂಪಾಗುತ್ತದೆ, ಹೆಂಡತಿ ಬರುತ್ತಾಳೆ, ಷಡ್ಡಕನ ಮುಖ ಇಷ್ಟಾಗುತ್ತದೆ. "ನಮ್ಮ ಬೀದಿಗೇ ಬರುತ್ತೆ ಹಾಗಾದ್ರೆ!"

"ನಮ್ಮ ಬೀದೀಲಿ ಬಿಸಿ ಅಂತ ಇರೋದು ನಿನ್ನ ಅಂಗಡಿ ಒಂದೇ ಕಣಯ್ಯ" ಎಂದ ಕ್ಷೌರಿಕ. "ಉಳಿದದ್ದೆಲ್ಲ ಬಾವಿ ಕಟ್ಟೆ ಹಾಗಿದೆ. ಅವರು ಬೀದಿ ಮಧ್ಯೆ ನಿಂತು ಅಳೀತಾರೆ. ಆ ಚಾದರಗಳು ಇರೋವರೆಗೂ ಕಂಬದ ಆಸೆ ಬಿಡು."

ಬಾವಿ ಕಟ್ಟೆ? ಇಸ್ತ್ರಿಯವನಿಗೆ ಇದು ಹೊಸ ಸುದ್ದಿ. ಬೆಳಗಿನಿಂದ ಕತ್ತಲಾಗುವವರೆಗೆ ಅವನು ಬೀದಿಗೆ ಬೆನ್ನು ಹಾಕಿ ಕೆಂಡದ ಮುಂದೆ ನಿಲ್ಲುವವನು. ತಿಕ್ಕಿದ ಬಟ್ಟೆ ಕೊಡಲು ಹೊರಟರೆ, ಹನಿ ಬಿದ್ದೀತೆಂದು ಹಿತ್ತಲ ಓಣಿ ಹಿಡಿಯುವವನು. ನಡುಹಗಲಲ್ಲಿ ತನ್ನದೇ ಬೀದಿಯ ನಡುವೆ ಅವನು ನಡೆದು ವರ್ಷಗಳೇ ಆಗಿದ್ದವು.

ಇರಲಿ, ಚಾದರ ತೆಗೆಸಿದರಾಯಿತು. ಅವನು ಹಗ್ಗದಜ್ಜಿಯ ಬಳಿ ಓಡಿದ.

ಹಗ್ಗದಜ್ಜಿ ಆ ಬೀದಿಯ ದೊರೆಸಾನಿ. ಒಗೆಯುವುದು ಯಾರೇ ಆಗಲಿ, ಯಾವ ಬಟ್ಟೆ ಯಾವ ಹಗ್ಗಕ್ಕೆ ಏರಬೇಕೆಂದು ಹೇಳುವವಳು ಅವಳು. ಬೆರಳು ನೆನೆಸಿ ಗಾಳಿಗೆ ಹಿಡಿದು, "ದಪ್ಪದ್ದು ಆ ಕಡೆ, ತೆಳ್ಳಂದು ಈ ಕಡೆ" ಎಂದು ಕೂಗಿದರೆ ಇಡೀ ಬೀದಿಯ ರಾಟೆಗಳು ಕಿರುಗುಟ್ಟುತ್ತಿದ್ದವು.

"ಅಜ್ಜೀ, ಇವತ್ತೊಂದಿನ ಈ ಬೀದೀಲಿ ಬಟ್ಟೆ ಹಾಕ್ಬೇಡಿ."

"ಮತ್ತೆಲ್ಲಿ ಹಾಕ್ಲಿ? ನಿನ್ನ ತಲೆ ಮೇಲಾ?"

"ಪಕ್ಕದ ಬೀದೀಲಿ. ಅಲ್ಲಿ ಮಹಡಿಗಳು ಇನ್ನೂ ಎತ್ತರ. ಚೆನ್ನಾಗಿ ಒಣಗುತ್ತೆ."

ಅಜ್ಜಿ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಬೆಳಿಗ್ಗೆ ಬೆಳಿಗ್ಗೆ ಕೆಂಡ ಏನಾದ್ರೂ ತಲೆಗೆ ಹೋಯ್ತಾ ನಿಂಗೆ?"

ಸುಳ್ಳು ಹೇಳಲು ಹೊರಟವನ ಬಾಯಿಂದ ನಿಜವೇ ಬಂತು. ಕಂಬ, ಕೂಸು, ಬೆವರುಸಾಲೆ, ಬ್ಯಾಗು, ಷಡ್ಡಕ, ಎಲ್ಲ ಒಟ್ಟಿಗೆ. ಹೇಳುತ್ತ ಹೇಳುತ್ತ ಅಂಗಿಯ ತುದಿಯಿಂದ ಕಣ್ಣೊರೆಸಿಕೊಂಡ. ಸುತ್ತ ಒಗೆಯುತ್ತಿದ್ದ ಹೆಂಗಸರು ಕಲ್ಲು ಬಿಟ್ಟು ಎದ್ದು ಬಂದರು.

"ಅಯ್ಯೋ, ಹೆಂಡ್ತಿ ಬಿಟ್ಟು ಹೋದ್ಲಾ?"

"ಹೋಗದೆ ಏನ್ ಮಾಡ್ತಾಳೆ, ಆ ಕುಲುಮೇಲಿ?"

"ಪಾಪ, ಆದ್ರೂ ಗಂಡಸು ಅಳಬಾರದು. ಅಜ್ಜೀ, ಒಂದಿನ ತಾನೆ?"

ಹಗ್ಗದಜ್ಜಿ ಸೊಂಟದ ಮೇಲೆ ಕೈಯಿಟ್ಟಳು. "ಹಾಗನ್ನು. ಮೊದ್ಲೇ ಬಾಯಿಬಿಟ್ಟು ಹೇಳೋಕೆ ಏನು ರೋಗ? ಆಯ್ತು, ಹಗ್ಗ ಬಿಚ್ರೇ ಎಲ್ಲಾ!"

ಈಗ ಷಡ್ಡಕನ ಅಪ್ಪಣೆ ಬೇಕು. ಪಕ್ಕದ ಬೀದಿಯಲ್ಲಿ ರಾಟೆ ಬಿಗಿಯಲು ತಕ್ಕ ಮಹಡಿ ಅವನದೇ. ಇಸ್ತ್ರಿಯವನು ಗಾಜಿನಂಗಡಿಯ ಮುಂದೆ ನಿಂತ. ಆ ಬೀದಿಗೆ ಕಪ್ಪು ಡಾಂಬರು, ಎರಡೂ ಕಡೆ ಗಾಜಿನ ಗೋಡೆಗಳು. ಬಿಸಿಲು ಇಲ್ಲಿ ಬಡಿದು ಅಲ್ಲಿಗೆ, ಅಲ್ಲಿ ಬಡಿದು ಇಲ್ಲಿಗೆ ಪುಟಿಯುತ್ತಿತ್ತು. ನಡೆಯುವವರೆಲ್ಲ ಒಂದು ಕಣ್ಣು ಮುಚ್ಚಿಯೇ ನಡೆಯುತ್ತಿದ್ದರು.

"ಬನ್ನಿ ಬನ್ನಿ ಷಡ್ಡಕರೇ!" ಎಂದ ಷಡ್ಡಕ. "ಕಂಬದ ಆಸೆನಾ? ನನಗೇನೂ ಬೇಡಪ್ಪ, ನಮ್ಮನೇಲಿ ಮೆಷಿನ್ನೇ ಇದೆ. ನಿಮಗೆ ಬೇಕಿದ್ರೆ ಹಗ್ಗ ಕಟ್ಕೊಳ್ಳಿ. ಬಡವರಿಗೆ ಇಷ್ಟಾದ್ರೂ ಮಾಡ್ಬೇಕಲ್ಲ."

ಕೊನೆಯ ಮಾತನ್ನು ಅವನು ಬೇಕೆಂದೇ ಮಹಡಿಗೆ ಕೇಳುವಂತೆ ಹೇಳಿದ. ಮೇಲಿನ ಕಿಟಕಿಯ ಗಾಜಿನ ಹಿಂದೆ ಹೆಂಡತಿ ನಿಂತಿದ್ದಳು, ಮಗಳು ಗಾಜಿಗೆ ಮೂಗು ಒತ್ತಿದ್ದಳು. ಇಸ್ತ್ರಿಯವನು ಕೈಯೆತ್ತಿದ. ಮಗಳು ಕೈ ಬೀಸಿದಳು. ಗಾಜು ಮುಚ್ಚಿದ್ದರಿಂದ ಅವಳು ಕೂಗಿದ್ದು ಅವನಿಗೆ ಕೇಳಲಿಲ್ಲ. ಅವಮಾನ ನುಂಗಿಕೊಂಡು ಅವನು ಹಗ್ಗದ ಸುರುಳಿ ಹೊತ್ತ.

ಬಿಸಿಲೇರುವ ಹೊತ್ತಿಗೆ ಬಟ್ಟೆಯೆಲ್ಲ ಪಕ್ಕದ ಬೀದಿಗೆ ಸಾಗಿತ್ತು. ಒಗೆಯುವವರ ಬೀದಿಯ ಮೇಲೆ, ಯಾರ ನೆನಪಿನಲ್ಲೂ ಇಲ್ಲದಷ್ಟು ಕಾಲದ ನಂತರ, ಆಕಾಶ ಕಾಣಿಸಿತು. ಆಮೇಲೆ ಸೂರ್ಯ ಕಾಣಿಸಿದ.

ಸಹಾಯ ಮಾಡಲು ನಿಂತವರಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದು. "ಬರೀ ಬಿಸಿಲು ಸಾಲಲ್ಲ, ಹೆಂಡ್ತಿ ವಿಷಯ ಇದು" ಎಂದು ಕ್ಷೌರಿಕ ತನ್ನ ಕನ್ನಡಿಗಳನ್ನೆಲ್ಲ ಹೊರಗೆ ತಂದು, ಬೆಳಕು ಬೀದಿಯ ನಡುವೆ ಬೀಳುವಂತೆ ಸಾಲಾಗಿ ಒರಗಿಸಿದ. ಚಹಾದಂಗಡಿಯವನು ಇದ್ದಬದ್ದ ಒಲೆಗಳನ್ನು ಬೀದಿಗೆ ಇಳಿಸಿ ಹೊತ್ತಿಸಿದ. ಒಗೆಯುವ ಹೆಂಗಸರು ಬಟ್ಟೆ ಕುದಿಸುವ ಹಂಡೆಗಳ ಮುಚ್ಚಳ ತೆಗೆದರು. ಇಸ್ತ್ರಿಯವನು ಇದ್ದ ಇದ್ದಲನ್ನೆಲ್ಲ ಸುರಿದು ಪೆಟ್ಟಿಗೆಗಳನ್ನು ಹೊಸಿಲಿನಲ್ಲಿ ಸಾಲಿಟ್ಟ.

ಬೀದಿ ಬಾಣಲೆಯಾಯಿತು. ನಾಯಿಗಳು ಒಂದರ ಹಿಂದೆ ಒಂದು ಎದ್ದು ಪಕ್ಕದ ಬೀದಿಗೆ ವಲಸೆ ಹೋದವು. ಕ್ಷೌರಿಕನ ಅರ್ಧ ಗಡ್ಡದ ಗಿರಾಕಿ ಉಳಿದರ್ಧ ಹಾಗೆಯೇ ಇರಲೆಂದು ಓಡಿದ. ಒಬ್ಬ ಅಜ್ಜ ಬಾಗಿಲು ತೆರೆದು, ಮೇಲೆ ನೋಡಿ, "ಇದ್ಯಾವ ಬೀದಿ?" ಎಂದು ಕೇಳಿ ಮತ್ತೆ ಬಾಗಿಲು ಹಾಕಿಕೊಂಡ.

"ನಮ್ಮ ಬೀದೀಲಿ ಇಷ್ಟು ಬಿಸಿಲು ಎಲ್ಲಿತ್ತೋ?" ಎಂದು ಕ್ಷೌರಿಕ ಟವೆಲಿನಿಂದ ಮುಖ ಒರೆಸಿಕೊಂಡ. ಅವನ ಧ್ವನಿಯಲ್ಲಿ ಮೊದಲ ಸಲ ಅನುಮಾನ ಇತ್ತು.

ಇಸ್ತ್ರಿಯವನೂ ಅದನ್ನೇ ಯೋಚಿಸುತ್ತಿದ್ದ. ಇಷ್ಟೊಂದು ಬಿಸಿಲು ದಿನವೂ ಬೀಳುತ್ತಿತ್ತಲ್ಲ, ಇಷ್ಟು ವರ್ಷ ಅದೆಲ್ಲ ಎಲ್ಲಿಗೆ ಹೋಗುತ್ತಿತ್ತು?

ಅಳೆಯುವವರು ಬಂದರು. ಮುಂದೆ ಕೋಟು ಹಾಕಿದವನೊಬ್ಬ. ಆ ಸೆಕೆಯಲ್ಲೂ ಕೋಟಿನ ಗುಂಡಿ ಬಿಚ್ಚಿರಲಿಲ್ಲ. ಹಿಂದೆ ಕೋಲಿನ ತುದಿಗೆ ಥರ್ಮಾಮೀಟರ್ ಕಟ್ಟಿಕೊಂಡ ಹೆಂಗಸು, ನೋಡಿದವರೆಲ್ಲ ಆಗಲೇ ಅವಳನ್ನು ಅಳತೆಯಮ್ಮ ಎಂದು ಕರೆಯುತ್ತಿದ್ದರು. ಅವಳು ಬೀದಿಯ ನಡುವೆ ಕೋಲು ನಿಲ್ಲಿಸಿ, ಕಾದು, ನೋಡಿ, "ಅಬ್ಬಾ!" ಎಂದಳು.

"ಹೇಗಿದೆ?" ಇಸ್ತ್ರಿಯವನು ಕಾತರದಿಂದ ಕೇಳಿದ.

"ಇದಕ್ಕಿಂತ ಬಿಸಿ ಬೀದಿ ಇವತ್ತು ಎಲ್ಲೂ ಸಿಕ್ಕಿಲ್ಲ."

ಬೀದಿಯವರು ಚಪ್ಪಾಳೆ ತಟ್ಟಿದರು. ಹಗ್ಗದಜ್ಜಿ ಬೊಚ್ಚುಬಾಯಲ್ಲಿ ಸಿಳ್ಳೆ ಹಾಕಲು ನೋಡಿದಳು. ಕೋಟಿನವನು ಮಾತ್ರ ಮುಖ ಸಿಂಡರಿಸಿ, "ನಡೀರಿ, ಮುಂದಿನ ಬೀದಿ" ಎಂದು ಹೊರಟ. ಅದು ಲೆಕ್ಕಕ್ಕಷ್ಟೇ, ಎಲ್ಲ ಬೀದಿಯನ್ನೂ ನೋಡಲೇಬೇಕಲ್ಲ ಎಂದುಕೊಂಡು ಇಸ್ತ್ರಿಯವನು ಗೆದ್ದ ಕುದುರೆಯ ಹಾಗೆ ಅವರ ಹಿಂದೆ ನಡೆದ. ಬೀದಿಗೆ ಬೀದಿಯೇ ಅವನ ಬೆನ್ನಿಗೆ.

ತಿರುವು ದಾಟಿ ಪಕ್ಕದ ಬೀದಿಗೆ ಕಾಲಿಟ್ಟವನು ನಿಂತುಬಿಟ್ಟ.

ಮೊದಲು ಅನಿಸಿದ್ದು, ಯಾರೋ ಹಣೆಯ ಮೇಲೆ ಅಂಗೈ ಇಟ್ಟರು ಎಂದು. ಆಮೇಲೆ ಆ ತಂಪು ಕತ್ತಿನ ಹಿಂಭಾಗಕ್ಕೆ, ಬೆನ್ನಿಗೆ, ಮೊಣಕೈಗೆ ಇಳಿಯಿತು. ಅವನು ಮೇಲೆ ನೋಡಿದ. ಆಕಾಶವೇ ಇರಲಿಲ್ಲ. ಒಂದರ ಹಿಂದೆ ಒಂದು ಚಾದರಗಳು ಗಾಳಿಗೆ ಹೊಟ್ಟೆ ಉಬ್ಬಿಸಿ ಇಳಿಸುತ್ತ ಉಸಿರಾಡುತ್ತಿದ್ದವು. ಬೆಳಗಿನಿಂದ ಕಣ್ಣು ಚುಚ್ಚಿದ ಅದೇ ಬಿಸಿಲು ಬಟ್ಟೆಯ ಮೂಲಕ ಸೋಸಿಕೊಂಡು, ಹಾಲಿನಂಥ ಬೆಳಕಾಗಿ ಬೀದಿಗೆ ಇಳಿಯುತ್ತಿತ್ತು. ಗಾಜಿನ ಗೋಡೆಗಳಲ್ಲಿ ಆ ಬಿಳುಪು ಅಲೆಯಾಡುತ್ತ, ಇಡೀ ಬೀದಿ ನೀರಿನ ತಳದಲ್ಲಿದ್ದ ಹಾಗಿತ್ತು. ಗಾಳಿ ಒದ್ದೆ ಬಟ್ಟೆಗಳ ನಡುವೆ ನುಸುಳಿ, ತಣಿದು, ಸೋಪಿನ ವಾಸನೆ ಹೊತ್ತು ಬರುತ್ತಿತ್ತು. ವಯರಿಲ್ಲ, ಗುಂಡಿಯಿಲ್ಲ, ಸದ್ದಿಲ್ಲ. ಬಟ್ಟೆ ಒಣಗುತ್ತಿತ್ತು, ಅಷ್ಟೇ. ಒಣಗುತ್ತ ಒಣಗುತ್ತ ಬೀದಿಯ ಬೇಗೆಯನ್ನು ಎಲ್ಲಿಗೋ ಹೊತ್ತುಕೊಂಡು ಹೋಗುತ್ತಿತ್ತು.

ಇಸ್ತ್ರಿಯವನ ಬಾಯಿ ತೆರೆದೇ ಇತ್ತು. ಇದು ಇಷ್ಟು ವರ್ಷ ದಿನವೂ ಅವನ ಬೆನ್ನ ಹಿಂದೆಯೇ ನಡೆಯುತ್ತಿತ್ತು! ಅವನು ತಿರುಗಿ ನೋಡಿರಲಿಲ್ಲ. ಕಣ್ಣು ಮಂಜಾಯಿತು, ಯಾಕೆಂದು ಅವನಿಗೇ ಗೊತ್ತಾಗಲಿಲ್ಲ.

ಅಂಗಡಿಯವರೆಲ್ಲ ಹೊರಗೆ ಬಂದು ಮೆಟ್ಟಿಲುಗಳ ಮೇಲೆ ಕೂತಿದ್ದರು. ದಿನವೂ ಗಾಜಿನ ಹಿಂದೆ ಮುಖ ಗಂಟಿಕ್ಕಿಕೊಂಡು ಇರುತ್ತಿದ್ದವರು ಈಗ ಒಬ್ಬರಿಗೊಬ್ಬರು ಊಟ ಆಯಿತಾ ಎಂದು ಕೇಳುತ್ತಿದ್ದರು. ಷಡ್ಡಕ ತನ್ನ ಮೆಷಿನ್ನು ಆರಿಸಿ, ಕುರ್ಚಿ ಹೊರಗೆ ಹಾಕಿಸಿಕೊಂಡು ಗೊರಕೆ ಹೊಡೆಯುತ್ತಿದ್ದ. ಪಕ್ಕದ ಮೆಟ್ಟಿಲ ಮೇಲೆ ಹೆಂಡತಿ. ಅವಳ ತೊಡೆಯ ಮೇಲೆ ಮಗಳು ನಿದ್ದೆ ಹೋಗಿದ್ದಳು.

ಮೇಲಿನಿಂದ ಒಂದು ಹನಿ ಇಳಿದು ಇಸ್ತ್ರಿಯವನ ಎದೆಯ ಮೇಲೆ ಬಿತ್ತು. ಸರಿಯಾಗಿ ಗುಂಡಿಗೆಯ ಜಾಗದಲ್ಲಿ. ಅವನು ಅದನ್ನು ಒರೆಸಲಿಲ್ಲ.

ಅಳತೆಯಮ್ಮ ಕೋಲು ನಿಲ್ಲಿಸಿ, ಕಾದು, ನೋಡಿ, ನಂಬಿಕೆ ಬಾರದೆ ಥರ್ಮಾಮೀಟರನ್ನು ಕೊಡವಿ ಮತ್ತೆ ನೋಡಿದಳು. "ಇಷ್ಟು ತಂಪಾದ ಬೀದಿ ಈ ಊರಲ್ಲೇ ಇಲ್ಲ."

"ಇದೇ!" ಎಂದು ಕೋಟಿನವನು ಕೈ ತಟ್ಟಿದ. "ಲಾರಿ ತನ್ನಿ. ಕಂಬ ಇಲ್ಲೇ ನಿಲ್ಲಿಸಿ!"

ಇಸ್ತ್ರಿಯವನಿಗೆ ಕಿವಿ ಕೆಟ್ಟಿತೇ ಎನಿಸಿತು. "ಸ್ವಾಮೀ, ಇದು ತಂಪಿನ ಬೀದಿ. ಬಿಸಿ ಬೀದಿ ನಮ್ಮದು!"

"ಗೊತ್ತು ಕಣ್ರೀ."

"ತಂಪಿರೋ ಕಡೆ ತಂಪಿನ ಕಂಬ ಯಾಕೆ?"

ಕೋಟಿನವನು ಮಗುವಿಗೆ ತಿಳಿಹೇಳುವ ಹಾಗೆ ಹೇಳಿದ: "ಸಾಯಂಕಾಲ ದೊಡ್ಡ ಆಫೀಸಿಗೆ ಫೋಟೋ ಹೋಗ್ಬೇಕು. ಕಂಬ ಕಾಣ್ಬೇಕು, ಪಕ್ಕದಲ್ಲಿ ಥರ್ಮಾಮೀಟರ್ ಕಾಣ್ಬೇಕು, ಥರ್ಮಾಮೀಟರಲ್ಲಿ ತಂಪು ಕಾಣ್ಬೇಕು. ನಿಮ್ಮ ಬೀದೀಲಿ ನಿಲ್ಲಿಸಿದ್ರೆ ಕಂಪನಿ ಮರ್ಯಾದೆ ಏನಾಗುತ್ತೆ?"

"ಸಾರ್" ಎಂದು ಅಳತೆಯಮ್ಮ ಮೆಲ್ಲಗೆ ಬಾಯಿ ಹಾಕಿದಳು, "ಈ ತಂಪು ಬಟ್ಟೆಯಿಂದ ಬಂದಿರೋದು ಅನ್ಸುತ್ತೆ."

"ನಮ್ಮದೇನು ಬಟ್ಟೆ ಕಂಪನಿನಾ? ಮೊದಲು ಇವನ್ನೆಲ್ಲಾ ಇಳಿಸಿ. ಕಂಬ ಕಾಣ್ತಾನೇ ಇಲ್ಲ."

ಕಂಪನಿಯ ಆಳುಗಳು ಕೊಕ್ಕೆ ಹಿಡಿದು ಚಾದರಗಳನ್ನು ಎಳೆಯತೊಡಗಿದರು. "ಕೈ ತೆಗೀರೋ! ಹರಿದ್ರೆ ನಿಮ್ಮ ಸಾಹೇಬನ ಕೋಟೇ ಹಾಸ್ಬೇಕಾಗುತ್ತೆ ಆಸ್ಪತ್ರೆಗೆ!" ಎಂದು ಗದರಿಸಿ ಹಗ್ಗದಜ್ಜಿ ತಾನೇ ನಿಂತು ಎಲ್ಲವನ್ನೂ ಬಿಚ್ಚಿಸಿಕೊಂಡಳು. ಬಿಳಿ ಚಾವಣಿ ಸರಿದಂತೆ ಸೂರ್ಯ ಮತ್ತೆ ಡಾಂಬರಿನ ಮೇಲೆ ಕೂತ. ಷಡ್ಡಕ ನಿದ್ದೆಯಿಂದ ಎದ್ದು ಒಂದು ಕಣ್ಣು ಮುಚ್ಚಿಕೊಂಡ. ಮಗಳು ಅಳಲು ಶುರುವಿಟ್ಟಳು.

ಕ್ಷೌರಿಕ ಇಸ್ತ್ರಿಯವನ ಹೆಗಲ ಮೇಲೆ ಕೈಯಿಟ್ಟ. "ಬೇಜಾರು ಮಾಡ್ಕೋಬೇಡ. ನಾನು ಅವರಿಗೆ ಸರಿಯಾಗಿ ಹೇಳ್ತೀನಿ."

"ನೀನು ಇನ್ನೇನೂ ಹೇಳ್ಬೇಡ" ಎಂದ ಇಸ್ತ್ರಿಯವನು. ಅವನ ಮನಸ್ಸು ಕಂಬದಲ್ಲಿ ಇರಲೇ ಇಲ್ಲ. ತೋಳಿನ ಮೇಲೆ ಚಾದರ ಹೊತ್ತು ಹೊರಟಿದ್ದ ಹಗ್ಗದಜ್ಜಿಯ ಹಿಂದೆ ಅವನು ಓಡಿದ. "ಅಜ್ಜೀ, ಒದ್ದೆ ಬಟ್ಟೆ ಇನ್ನೂ ಇದೆಯಾ?"

"ಇದೆ. ಯಾಕೆ?"

"ನನ್ನ ತಗಡಿನ ಮೇಲೆ ಹಾಕ್ತೀರಾ?"

ಅಜ್ಜಿ ನಿಂತು, ಅವನ ಹಣೆ ಮುಟ್ಟಿ ನೋಡಿದಳು. "ಹನಿ ಬೀಳುತ್ತೆ ಕಣೋ."

"ಬೀಳಲಿ ಅಜ್ಜೀ. ಎಷ್ಟು ಬೇಕಾದ್ರೂ ಬೀಳಲಿ."

ರಾಟೆಗಳು ಮತ್ತೆ ಕಿರುಗುಟ್ಟಿದವು. ಬೀದಿಯ ಹಳೆಯ ಚಾವಣಿ ತುದಿಯಿಂದ ಬೆಳೆಯುತ್ತ ಬಂದು, ಕ್ಷೌರಿಕನ ಅಂಗಡಿ ದಾಟಿ, ವರ್ಷಗಳಿಂದ ನಿಲ್ಲುತ್ತಿದ್ದ ಜಾಗವನ್ನೂ ದಾಟಿ, ಇಸ್ತ್ರಿಯವನ ತಗಡಿನ ಮೇಲೆ ಹರಡಿತು. ಹಗ್ಗ ಉಳಿದಿದೆಯೆಂದು ಅಜ್ಜಿ ಎರಡು ಪದರ ಎಳೆಸಿದಳು. ಇಸ್ತ್ರಿಯವನು ತಿಕ್ಕಿದ ಬಟ್ಟೆಗಳನ್ನೆಲ್ಲ ಮನೆಯ ಟ್ರಂಕಿನೊಳಗೆ ತುಂಬಿ ಮುಚ್ಚಿದ. ಇಷ್ಟು ಸುಲಭದ ಉಪಾಯ ಆ ಮದುಮಗನ ದಿನವೇ ಹೊಳೆಯಬಾರದಿತ್ತೇ ಎಂದು ತನ್ನನ್ನೇ ಬೈದುಕೊಂಡ. ಆಮೇಲೆ ಒಳಗಿನ ಕೋಣೆಯಲ್ಲಿ ಕೂತು ಕಿವಿಗೊಟ್ಟ.

ತಗಡು ಒಂದು ಸಲ 'ಟಕ್' ಎಂದಿತು. ಕಾದ. ಇನ್ನೊಂದು ಬರಲಿಲ್ಲ. ಬಾಗಿಲಿನಿಂದ ತಣ್ಣನೆಯ ಗಾಳಿ ಬಂದು, ಕೋಣೆಯ ಮೂಲೆಮೂಲೆ ಮೂಸಿ ನೋಡಿ, ಕಿಟಕಿಯಿಂದ ಹೊರಟಿತು. ಇದು ತನ್ನ ಮನೆಯೇ ಎಂದು ಇಸ್ತ್ರಿಯವನು ಗೋಡೆ ಮುಟ್ಟಿ ನೋಡಿದ. ಗೋಡೆಯೂ ತಣ್ಣಗಾಗುತ್ತಿತ್ತು.

ಅವನು ಹೇಳಿ ಕಳಿಸಲಿಲ್ಲ, ತಾನೇ ಓಡಿದ. ಪಕ್ಕದ ಬೀದಿಯಲ್ಲಿ ಕಂಬ ಭಾರವಾದ ಕಬ್ಬಿಣದ ಬುಡದ ಮೇಲೆ ನಿಂತಿತ್ತು. ಷಡ್ಡಕನ ಮನೆಯಿಂದ ವಯರು ಎಳೆದು ಗುಂಡಿ ಒತ್ತಿದರು. ಕಂಬ ಗುರ್ರೆಂದಿತು, ರೆಕ್ಕೆ ತಿರುಗಿತು. ಲಾರಿಯ ಮೇಲಿದ್ದ ಟ್ಯಾಂಕಿನಲ್ಲಿ ಬಿಸಿಲಿಗೆ ಕಾದಿದ್ದ ನೀರು ಸೂಜಿಬಾಯಿಗಳಿಂದ ಬಿಸಿ ಹಬೆಯಂತೆ ಚಿಮ್ಮಿ, ಕೆಳಗೆ ನಿಂತವರ ಮುಖಕ್ಕೆ ರಾಚಿತು. ಅದೇ ಹೊತ್ತಿಗೆ ಢಂ ಎಂದು ಇಡೀ ಬೀದಿಯ ಕರೆಂಟು ಹೋಯಿತು. ಷಡ್ಡಕನ ಮೆಷಿನ್ನು ಕೊನೆಯುಸಿರು ಬಿಟ್ಟಿತು.

ಗಲಾಟೆಯ ನಡುವೆ ಇಸ್ತ್ರಿಯವನು ಮಗಳನ್ನೂ ಹೆಂಡತಿಯ ಬ್ಯಾಗನ್ನೂ ಎತ್ತಿಕೊಂಡು, "ಬಾರೇ. ಮನೆ ತಂಪಾಗಿದೆ" ಎಂದ.

ಹೆಂಡತಿ ನಂಬಲಿಲ್ಲ. ಒಗೆಯುವವರ ಬೀದಿಯ ನಡುವೆ, ಚಾದರಗಳ ಕೆಳಗೆ, ಅವನು ತಾನಾಗಿ ನಡೆಯುವುದನ್ನು ಕಂಡಾಗ ಅರ್ಧ ನಂಬಿದಳು. ಮನೆಯ ಮೇಲಿನ ಎರಡು ಪದರ ಕಂಡಾಗ ಅವನ ತೋಳು ಹಿಡಿದಳು. ಮಗಳನ್ನು ಕೋಣೆಯಲ್ಲಿ ಮಲಗಿಸಿದರು. ಮಗು ಒಮ್ಮೆ ಮೇಲೆ ನೋಡಿ, 'ಟಕ್' ಬರುವುದೇ ಎಂದು ಕಾದು, ಬಾರದ್ದರಿಂದ ಕಣ್ಣು ಮುಚ್ಚಿತು.

"ಇಷ್ಟೇನಾ?" ಎಂದಳು ಹೆಂಡತಿ ಪಿಸುದನಿಯಲ್ಲಿ. "ಇಷ್ಟೇ ಸಾಕಾಗಿತ್ತಾ?"

"ಇಷ್ಟೇ" ಎಂದ ಅವನು. ಇಬ್ಬರೂ ಮಗುವಿನ ಬೆನ್ನಿನ ಮೇಲೆ ಆಡುತ್ತಿದ್ದ ಬಿಳಿ ನೆರಳನ್ನು ನೋಡುತ್ತ ಕೂತರು. ದೇವರು ಬಂದು ಇನ್ನೇನು ಬೇಕು ಎಂದಿದ್ದರೆ ಇಸ್ತ್ರಿಯವನು ಏನೂ ಬೇಡ, ಗಲಾಟೆ ಮಾಡಬೇಡಿ ಎನ್ನುತ್ತಿದ್ದ.

ಹೊರಗೆ ಲಾರಿ ನಿಂತ ಸದ್ದಾಯಿತು.

ಬಾಗಿಲಲ್ಲಿ ಕೋಟಿನವನು. ಕೊನೆಗೂ ಅವನ ಕೋಟಿನ ಗುಂಡಿಗಳು ಬಿಚ್ಚಿದ್ದವು, ಮುಖ ಹಬೆಯಿಂದ ಕೆಂಪಾಗಿತ್ತು. ಅಳತೆಯಮ್ಮ ಹೊಸಿಲಲ್ಲಿ ಕೋಲು ನಿಲ್ಲಿಸಿ ನೋಡಿದಳು, ಇಸ್ತ್ರಿಯವನ ಮುಖ ನೋಡಿದಳು, ಅಳತೆ ಹೇಳಲು ಹಿಂಜರಿದಳು.

"ಹೇಳ್ರೀ!"

"ಆ ಬೀದಿಗಿಂತಲೂ ತಂಪು, ಸಾರ್."

ಕೋಟಿನವನು ಇಸ್ತ್ರಿಯವನ ಎರಡೂ ಕೈ ಹಿಡಿದು ಕುಲುಕಿದ. "ಅಭಿನಂದನೆಗಳು! ಆ ಬೀದಿ ಇದ್ದಕ್ಕಿದ್ದಂಗೆ ಬಿಸಿ ಆಗೋಯ್ತು, ನಂಬೋ ಹಾಗೇ ಇಲ್ಲ. ಕಂಬ ನಿಮ್ಮ ಬಾಗಿಲಿಗೇ!"

"ಬೇಡ ಸ್ವಾಮೀ" ಎಂದ ಇಸ್ತ್ರಿಯವನು. ಅವನ ಧ್ವನಿ ಅವನಿಗೇ ಕೇಳಲಿಲ್ಲ, ಯಾಕೆಂದರೆ ಬೀದಿಗೆ ಬೀದಿಯೇ ಹೋ ಎಂದು ಕೂಗುತ್ತ ಬಂದಿತ್ತು. ಚಹಾದಂಗಡಿಯವನು ಅವನನ್ನು ಎತ್ತಿ ಕುಣಿಸಿದ. ಒಗೆಯುವ ಹೆಂಗಸರು ಚಪ್ಪಾಳೆ ತಟ್ಟಿದರು. "ನಮ್ಮ ಬೆವರು ವ್ಯರ್ಥ ಆಗ್ಲಿಲ್ಲ ನೋಡು!" ಎಂದು ಕ್ಷೌರಿಕ ಎದೆ ತಟ್ಟಿಕೊಂಡ. "ನಾನು ಬೆಳಿಗ್ಗೆನೇ ಹೇಳ್ಲಿಲ್ವಾ, ಕಂಬ ನಮ್ಮ ಬೀದಿಗೆ ಅಂತ?"

"ಅಜ್ಜೀ, ನೀವಾದ್ರೂ ಹೇಳಿ, ನನಗೆ ಬೇಡ!"

"ನಾಚ್ಕೋಬೇಡ್ವೋ" ಎಂದಳು ಹಗ್ಗದಜ್ಜಿ. "ನೀನೇ ತಾನೆ ಅತ್ತು ಕರೆದು ಬೇಕು ಅಂದಿದ್ದು? ತಗೋ."

ಲಾರಿ ಹಿಂದಕ್ಕೆ ಸರಿಯುತ್ತ ಸರಿಯುತ್ತ ಅಂಗಡಿಯ ಮುಂದೆ ನಿಂತಿತು. ಕಬ್ಬಿಣದ ಬುಡ ಹೊಸಿಲಿಗೆ ತಾಗುವಂತೆ ಕೂತಿತು. ಕಂಬ ಏಳುತ್ತ ಏಳುತ್ತ ಅರ್ಧಕ್ಕೆ ಚಾದರಕ್ಕೆ ಸಿಕ್ಕಿಕೊಂಡಿತು.

"ಈ ಬಟ್ಟೆ ತೆಗೀರಿ" ಎಂದ ಕೋಟಿನವನು. "ಕಂಬ ಕಾಣ್ತಾನೇ ಇಲ್ಲ."

ಒಳಗೆ ಹೆಂಡತಿ ಮಾಡಿನತ್ತ ನೋಡಿದಳು. ಎದ್ದು, ಮೂಲೆಯಲ್ಲಿ ಇನ್ನೂ ಬಿಚ್ಚದೆ ಇಟ್ಟಿದ್ದ ಬ್ಯಾಗನ್ನು ಹತ್ತಿರ ಎಳೆದುಕೊಂಡಳು. ಇಸ್ತ್ರಿಯವನು ಅವಳನ್ನೂ ಮಾಡನ್ನೂ ನೋಡುತ್ತ ನಿಂತ. ಮೊದಲ ಪದರ ಸರಿಯಿತು. ಎರಡನೆಯದೂ ಸರಿಯಿತು. ಪಡುವಣದ ಬಿಸಿಲು ಬೋಳು ತಗಡಿನ ಮೇಲೆ ಬಂದು ಕೂತಿತು.

'ಟಕ್' ಎಂದಿತು ತಗಡು.

ಮಗು ಕಣ್ಣು ತೆರೆಯಿತು.